ಸಿಂಗರೇಣಿ ಕಲ್ಲಿದ್ದಲಿನಾಗ ನಮ್ಮ ಪಾಲು

ಮೊನ್ನೆ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುತ್ತ ಕೂತಿದ್ದೆ. ಎದುರಿಗೆ ಕಲ್ಲಿದ್ದಲು ತುಂಬಿದ ಗೂಡ್ಸ್, ಎಣಿಸಿದಷ್ಟೂ ಡಬ್ಬಿ ಮುಗಿಯಲೊಲ್ಲವು. ಬಾಜೂಕ ಕೂತ ಹುಡುಗ "ಇದು ತೆಲಂಗಾಣದ ಮಾಲ್ರಿ" ಅಂದ. ಇರಬಹುದು. ಆದರೆ ಬರೀ ಅವರದೇನಾ ಅಂತ ತಲೆಯೊಳಗ ಹುಳ ಹೊಕ್ಕಿತು.

1871ರಲ್ಲಿ ವಿಲಿಯಂ ಕಿಂಗ್ ಅನ್ನೋ ಭೂವಿಜ್ಞಾನಿ ಈಗಿನ ತೆಲಂಗಾಣದ ಯೆಲ್ಲಂದು ಹತ್ತಿರ ಕಲ್ಲಿದ್ದಲು ಪತ್ತೆ ಹಚ್ಚಿದ. 1886ರಲ್ಲಿ ಗಣಿ ಹಕ್ಕು ಇಂಗ್ಲೆಂಡಿನ ಹೈದರಾಬಾದ್ ಡೆಕ್ಕನ್ ಕಂಪನಿಗೆ ಹೋಯ್ತು. ಈ ವ್ಯವಹಾರ ಕುದುರಿಸಿದ ಅಬ್ದುಲ್ ಹಕ್ ನಿಜಾಮರದೇ ದೊಡ್ಡ ಅಧಿಕಾರಿ. ಆಸಾಮಿ ತನ್ನ ಪಾಲಿನ ಷೇರುಗಳನ್ನ ತಿರುಗಿ ನಿಜಾಮ ಸರ್ಕಾರಕ್ಕೇ ಮಾರಿದ! ಬೇಲಿನೇ ಹೊಲ ಮೇಯೂದಂದ್ರ ಇದು. ಗದ್ದಲ 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ಮುಟ್ಟಿತು. ಮರುವರ್ಷ ಗಣಿಗಾರಿಕೆ ಸುರುವಾಯ್ತು. 1874ರಲ್ಲಿ ಇದೇ ವಾಡಿಯಿಂದ ಸಿಕಂದರಾಬಾದಿಗೆ ಹೊರಟಿದ್ದ ನಿಜಾಮರ ರೈಲು ಮುಂದೆ ಗಣಿತನಕ ಬೆಳೆದಿತ್ತು.

1920ರಲ್ಲಿ ಈ ಗಣಿಗಳಿಗೆ ಸಿಂಗರೇಣಿ ಕಾಲರೀಸ್ (ಅಂದ್ರ ಕಲ್ಲಿದ್ದಲು ಗಣಿಗಳು) ಅಂತ ಹೊಸ ಕಂಪನಿ. 1945ರಲ್ಲಿ ನಿಜಾಮ ಸರ್ಕಾರವೇ ಬಹುಪಾಲು ಷೇರು ಕೊಂಡಿತು.

ನನ್ನ ತಕರಾರು ಇಲ್ಲೇ ಇರೋದು. ಆ ರೊಕ್ಕ ಬೊಕ್ಕಸದ್ದು. ಬೊಕ್ಕಸದಾಗ ಆಗ ನಿಜಾಮರ ಹೈದರಾಬಾದ್ ರಾಜ್ಯದಾಗಿದ್ದ ಗುಲಬರ್ಗಾ, ಬೀದರ್, ರಾಯಚೂರಿನ ರೈತರ ಕಂದಾಯ ಇರಲಿಲ್ಲೇನು? ಜ್ವಾಳ ಮಾರಿ, ತೊಗರಿ ಮಾರಿ ಕಟ್ಟಿದ್ದು ಅದು. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಹೋಳಾಗಿ ನಾವು ಕರ್ನಾಟಕದ ಕಡೆ ಬಂದಾಗ ನೆಲದ ಜೊತೆ ಗಣಿಯೂ ಆಂಧ್ರಕ್ಕೆ ಹೋಯ್ತು. 1960ರಲ್ಲಿ ಕೇಂದ್ರವೂ ಪಾಲುದಾರ ಆಯ್ತು. ಈಗ ತೆಲಂಗಾಣದ್ದು ಶೇ. 51, ಕೇಂದ್ರದ್ದು ಶೇ. 49. ನಮ್ಮ ಹೆಸರು ಎಲ್ಲೂ ಇಲ್ಲ.

ವಾಪಸ್ ಕೊಡ್ರಿ ಅಂತಲ್ಲ, ಅಷ್ಟು ಹುಚ್ಚು ನನಗಿಲ್ಲ. ಆದರೆ ನಮ್ಮ ಭಾಗಕ್ಕೆ ವಿಶೇಷ ಸವಲತ್ತು ಕೊಡೋ ಸಂವಿಧಾನದ 371(ಜೆ) ವಿಧಿಯ ಮಾತು ಬಂದಾಗೆಲ್ಲ ನಮ್ಮನ್ನ ಬರಿಗೈಲೆ ಬಂದ ಬೀಗರಂಗ ನೋಡ್ತಾರಲ್ಲ, ಅದು ಚುಚ್ಚುತ್ತದೆ. ನಾವೂ ಅಷ್ಟೇ, ಭಾಷಣ ಅಂದ್ರೆ 'ಹಿಂದುಳಿದ ಭಾಗ' ಅಂತಲೇ ಸುರು ಮಾಡ್ತೀವಿ. ಆ ರಾಜ್ಯದ ಆಸ್ತಿಪಾಸ್ತಿಯೊಳಗ ನಮ್ಮದೂ ಬೆವರಿತ್ತು ಅನ್ನೋ ಲೆಕ್ಕ ನಮ್ಮ ಹುಡುಗರಿಗೆ ಯಾರೂ ಹೇಳಿಲ್ಲ.

ಈ ಜೋಶಿನಾಗೇ ತೆಲಂಗಾಣದ ಕೊತ್ತಗುಡೆಂ ಕಡೆಯ ಗೆಳೆಯನಿಗೆ ಫೋನ್ ಹಚ್ಚಿದೆ. ಹಾಸ್ಟೆಲ್‌ನಾಗ ಜೊತೆಗಿದ್ದವ, ನಮ್ಮಂಗೇ ಕನ್ನಡ ಮಾತಾಡ್ತಾನ. ಎಲ್ಲಾ ಕೇಳಿಸಿಕೊಂಡು ನಕ್ಕ. "ಹಟ್ಟಿ ಬಂಗಾರದ ಗಣೀನೂ ನಿಜಾಮಂದೇ ಇತ್ತಲ್ಲಪಾ, ಅದು ಇಡಿಯಾಗಿ ನಿಮಗೇ ಬಂತು. ಅದರಾಗ ನಮ್ಮ ಪಾಲು ಎಲ್ಲದ?"

ಸಿಗ್ನಲ್ ಸಿಗ್ತಿಲ್ಲ ಅಂತ ಹೇಳಿ ಫೋನ್ ಇಟ್ಟೆ.