ಗಡಿಯಿಲ್ಲದ ಆಲ್ಪ್ಸ್, ಗಾಜಿನ ತುಂಬ ಚೀಟಿ

1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಹಳ್ಳಿಯ ಬಳಿ, ಮೊಸೆಲ್ ನದಿಯ ಹಡಗೊಂದರಲ್ಲಿ ಐದು ದೇಶಗಳ ಪ್ರತಿನಿಧಿಗಳು ಕುಳಿತು, ತಮ್ಮ ನಡುವಿನ ಗಡಿ ತಪಾಸಣೆಯನ್ನು ಕ್ರಮೇಣ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷದ ಜನವರಿಯಿಂದ ಸ್ವಿಟ್ಜರ್ಲೆಂಡ್ ತನ್ನ ಹೆದ್ದಾರಿ ಹತ್ತುವ ಕಾರುಗಳಿಗೆ ‘ವಿನ್ಯೆಟ್’ ಎಂಬ ಶುಲ್ಕದ ಚೀಟಿ ಅಂಟಿಸತೊಡಗಿತ್ತು. ನೆಲದ ಮೇಲಿಂದ ಅಳಿಸಿದ ಗೆರೆಗಳನ್ನು ಎಲ್ಲಾದರೂ ಇಡಬೇಕಲ್ಲ. ಕಾರಿನ ಮುಂಗಾಜು ಹೇಗೂ ಖಾಲಿ ಇತ್ತು.

ಮ್ಯೂನಿಕ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಇನ್ಸ್‌ಬ್ರುಕ್, ಬ್ರೆನ್ನರ್, ಕೋಮೋ ಸರೋವರ, ಗೊಟ್‌ಹಾರ್ಡ್, ಜ್ಯೂರಿಕ್ ಸುತ್ತಿ ಬರಲು ಯೋಜನೆ ಹಾಕಿತೆಂದುಕೊಳ್ಳಿ. ಅವರಿಗೆ ಮೊದಲು ಬೇಕಾಗುವುದು ಆಸ್ಟ್ರಿಯದ ಚೀಟಿ. ಅದನ್ನು ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಕೊಳ್ಳಬಹುದೆಂಬ ಸೌಲಭ್ಯ ಬಂದಾಗ ಅದರ ಜೊತೆಗೇ ಒಂದು ನಿಯಮವೂ ಬಂತು. ಆನ್‌ಲೈನ್‌ನಲ್ಲಿ ಕೊಂಡ ವಸ್ತುವನ್ನು ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸುವ ಹಕ್ಕು ಯುರೋಪಿನ ಗ್ರಾಹಕನಿಗೆ ಇರುವುದರಿಂದ, ಚೀಟಿಯು ಕೊಂಡ ಹದಿನೆಂಟನೆಯ ದಿನದಿಂದ ಮಾತ್ರ ಜಾರಿಗೆ ಬರತಕ್ಕದ್ದು ಎಂದು ಬಹುಕಾಲ ವಿಧಿಸಲಾಗಿತ್ತು. ಪ್ರವಾಸಿ ರಸ್ತೆಯನ್ನು ಮನೆಗೆ ಕೊಂಡೊಯ್ದು, ಅಳತೆ ಸರಿಹೋಗದೆ ವಾಪಸು ತಂದರೆ ಏನು ಗತಿ ಎಂಬ ಈ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಗಡಿಯ ಪೆಟ್ರೋಲ್ ಬಂಕಿನಲ್ಲಿ ಕಾಗದದ ಚೀಟಿ ಕೊಂಡು ಅಂಟಿಸಿಕೊಂಡವನು ಮಾತ್ರ ಆ ಕ್ಷಣದಲ್ಲೇ ಹೊರಡಬಹುದಿತ್ತು.

ಚೀಟಿ ಇದ್ದ ಮಾತ್ರಕ್ಕೆ ಇಟಲಿಯತ್ತ ಒಯ್ಯುವ ಬ್ರೆನ್ನರ್ ಹೆದ್ದಾರಿ ಬಿಟ್ಟುಕೊಡುತ್ತದೆಯೇ? ಅದಕ್ಕೆ ಬೇರೆಯೇ ಸುಂಕ. ಸುಂಕ ಕಟ್ಟಿ ಮುಂದೆ ಹೋದರೆ, ಆ ಹೆದ್ದಾರಿಯ ಲೂಗ್ ಸೇತುವೆ ಹಳೆಯದಾಗಿ ದುರ್ಬಲವಾಗಿರುವುದರಿಂದ 2025ರ ಜನವರಿಯಿಂದ ಅಲ್ಲಿ ಸಾಮಾನ್ಯ ದಿನಗಳಲ್ಲಿ ದಿಕ್ಕಿಗೊಂದೇ ಸಾಲು. ಬೇಸತ್ತು ಪಕ್ಕದ ಹಳ್ಳಿಯ ದಾರಿ ಹಿಡಿಯೋಣವೆಂದರೆ, ರಜಾದಿನಗಳಲ್ಲಿ ಆಸ್ಟ್ರಿಯದ ಟಿರೋಲ್ ಪ್ರಾಂತ್ಯದ ಸಿಬ್ಬಂದಿ ನಿಂತು, ದಾಟಿಹೋಗಲು ಬಂದ ಕಾರುಗಳನ್ನು ಮತ್ತೆ ಹೆದ್ದಾರಿಗೇ ಅಟ್ಟುತ್ತಾರೆ. ಹಳ್ಳಿಗರ ಕಷ್ಟ ನಿಜವೇ. ಅವರ ಬಾಗಿಲ ಮುಂದೆ ಅರ್ಧ ಯುರೋಪು ಹೊಗೆ ಕಾರುತ್ತಾ ನಿಲ್ಲುತ್ತಿತ್ತು. 2019ರ ಬೇಸಿಗೆಯಲ್ಲಿ ಈ ಕ್ರಮ ಶುರುವಾದಾಗ ಮ್ಯೂನಿಕ್ ಇರುವ ಜರ್ಮನಿಯ ಬವೇರಿಯ ಪ್ರಾಂತ್ಯ ಸಿಡಿಮಿಡಿಗೊಂಡು ನ್ಯಾಯಾಲಯದ ಮಾತೆತ್ತಿತು.

ನ್ಯಾಯಾಲಯದ ವಿಷಯ ಬಂದದ್ದರಿಂದ ಜರ್ಮನಿಯ ಕಥೆಯನ್ನೂ ಹೇಳಬೇಕು, ಏಕೆಂದರೆ ಈ ಇಡೀ ಪ್ರಹಸನದಲ್ಲಿ ಅದಕ್ಕಿಂತ ರಸವತ್ತಾದದ್ದು ಇನ್ನೊಂದಿಲ್ಲ. ನೆರೆಯವರೆಲ್ಲ ವಸೂಲಿ ಮಾಡುತ್ತಿರುವಾಗ ನಮ್ಮ ರಸ್ತೆ ಮಾತ್ರ ಧರ್ಮಛತ್ರವೇ ಎಂದು ನೊಂದ ಜರ್ಮನಿಯು, ಎಲ್ಲ ಕಾರುಗಳಿಗೂ ಶುಲ್ಕ ವಿಧಿಸಿ, ತನ್ನವರಿಗೆ ಮಾತ್ರ ವಾಹನ ತೆರಿಗೆಯಲ್ಲಿ ಅಷ್ಟೇ ಹಣವನ್ನು ಕಡಿತಗೊಳಿಸುವ ಯೋಜನೆ ರೂಪಿಸಿತು. ಇದು ಪರದೇಶದವರಿಗೆ ಅನ್ಯಾಯವೆಂದು ದೂರಿದ ದೇಶ ಯಾವುದೆಂದರೆ, ಪರದೇಶದವರಿಂದ ವರ್ಷಗಳಿಂದ ಚೀಟಿಯ ಹಣ ಪಡೆಯುತ್ತಿದ್ದ ಆಸ್ಟ್ರಿಯ. ತನ್ನವರಿಗೂ ಅದೇ ದರ ಎಂಬ ನೆಮ್ಮದಿಯಿಂದ ಅದು ಹೂಡಿದ ದಾವೆಯನ್ನು ಯುರೋಪಿನ ನ್ಯಾಯಾಲಯ 2019ರ ಜೂನ್ 18ರಂದು ಎತ್ತಿಹಿಡಿಯಿತು. ತೀರ್ಪಿಗೆ ಕಾಯುವ ತಾಳ್ಮೆಯಿಲ್ಲದೆ ಮೊದಲೇ ಸಹಿ ಹಾಕಿದ್ದ ಶುಲ್ಕ ವಸೂಲಿಯ ಗುತ್ತಿಗೆಗಳನ್ನು ರದ್ದುಪಡಿಸಿದ್ದಕ್ಕಾಗಿ ಜರ್ಮನಿ 2023ರಲ್ಲಿ 24.3 ಕೋಟಿ ಯೂರೋ ಪರಿಹಾರ ತೆತ್ತಿತು. ಒಂದೇ ಒಂದು ಕಾರಿನಿಂದ ಒಂದು ಸೆಂಟನ್ನೂ ಸಂಗ್ರಹಿಸದೆ ಇಷ್ಟೊಂದು ಖರ್ಚು ಮಾಡಿದ ಟೋಲ್ ಬೂತು ಬೇರೆಲ್ಲಿದೆ?

ಇಟಲಿಯದು ಸರಳ ವ್ಯವಹಾರ: ಹತ್ತುವಾಗ ಟಿಕೆಟ್, ಇಳಿಯುವಾಗ ಹಣ. ಸ್ವಿಟ್ಜರ್ಲೆಂಡಿನಲ್ಲಾದರೋ ಒಂದು ದಿನದ ಅತಿಥಿಗೂ ವರ್ಷದ ಚೀಟಿಯೇ ಗತಿ, ಬೆಲೆ 40 ಫ್ರಾಂಕ್. ಆ ವರ್ಷಕ್ಕೆ ಡಿಸೆಂಬರಿನಿಂದ ಮರುಜನವರಿಯವರೆಗೆ ಹದಿನಾಲ್ಕು ತಿಂಗಳಿರುವುದರಿಂದ ಯಾರೂ ನಷ್ಟವಾಯಿತೆನ್ನುವಂತಿಲ್ಲ, 16.9 ಕಿಲೋಮೀಟರ್ ಉದ್ದದ ಗೊಟ್‌ಹಾರ್ಡ್ ಸುರಂಗದ ಮುಂದೆ ಈಸ್ಟರ್ ಹೊತ್ತಿಗೆ ಹತ್ತು ಕಿಲೋಮೀಟರಿಗೂ ಮೀರಿ ಬೆಳೆಯುವ ಸಾಲಿನಲ್ಲಿ ನಿಂತವರಿಗೆ ಆ ಹೆಚ್ಚುವರಿ ಎರಡು ತಿಂಗಳು ಬೇಕಾಗಲೂಬಹುದು.

ಕೊನೆಗೆ ಮರಳಿ ಬವೇರಿಯ. ಅಲ್ಲಿ ಆಸ್ಟ್ರಿಯದ ಗಡಿಯಲ್ಲಿ 2015ರ ಸೆಪ್ಟೆಂಬರಿನಲ್ಲಿ ‘ತಾತ್ಕಾಲಿಕ’ವಾಗಿ ಶುರುವಾದ ತಪಾಸಣೆಯನ್ನು ಮತ್ತೆ ಮತ್ತೆ ವಿಸ್ತರಿಸುತ್ತಾ ಬಂದಿದ್ದಾರೆ. ಪೊಲೀಸರು ಬಗ್ಗಿ ಚೀಟಿಗಳ ಸಂದಿಯಿಂದ ಒಳಗೆ ಇಣುಕಿ, ಯಾವ ದೇಶದಿಂದ ಬಂದಿರಿ ಎಂದು ವಿನಯದಿಂದ ವಿಚಾರಿಸುತ್ತಾರೆ.