ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆಯೇ?

ಆಗಸ್ಟ್ 27ರ ರಾತ್ರಿ ಮಂಗಳ ಗ್ರಹ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆ ಎಂಬ ಮೆಸೇಜ್ ಆಗಾಗ ಬರುತ್ತದೆ, ಅಲ್ವಾ? ಹಾಗೆ ಯಾವ ವರ್ಷವೂ ಕಾಣುವುದಿಲ್ಲ.

ಹಂಚುವವರು ಸುಮ್ನೆ ಕಟ್ಟಿದ ಕತೆಯೂ ಅಲ್ಲ ಇದು. 2003ರಲ್ಲಿ ಅದೇ ದಿನ ಮಂಗಳ ಭೂಮಿಯಿಂದ ಸುಮಾರು 5.6 ಕೋಟಿ ಕಿಲೋಮೀಟರ್ ದೂರದಷ್ಟು ಹತ್ತಿರಕ್ಕೆ ಬಂದಿತ್ತು. ಟೆಲಿಸ್ಕೋಪಿನಲ್ಲಿ 75 ಪಟ್ಟು ಹಿಗ್ಗಿಸಿದರೆ, ಬರಿಗಣ್ಣಿಗೆ ಕಾಣುವ ಚಂದ್ರನಷ್ಟು ಕಾಣುತ್ತಿತ್ತು. ಕೈಯಿಂದ ಕೈಗೆ ಹೋಗುತ್ತಾ ಟೆಲಿಸ್ಕೋಪಿನ ಮಾತು ಬಿಟ್ಟುಹೋಯಿತು.

ನೀವೇ ಲೆಕ್ಕ ಹಾಕಿ. ಮಂಗಳದ ಅಗಲ ಚಂದ್ರನ ಎರಡರಷ್ಟು. ಆದರೆ ಆ ದಿನವೂ ಅದು ಚಂದ್ರನಿಗಿಂತ ಸುಮಾರು 145 ಪಟ್ಟು ದೂರದಲ್ಲಿತ್ತು. ಅಂದರೆ ಕಾಣುವ ಅಗಲ ಚಂದ್ರನ ಎಪ್ಪತ್ತರಲ್ಲಿ ಒಂದು ಪಾಲಿನಷ್ಟು: ಒಂದು ಕೆಂಪು ಚುಕ್ಕಿ.

ಮೆಸೇಜಿನಲ್ಲಿ ವರ್ಷ ಇದೆಯಾ ಅಂತಲೂ ನೋಡಿ. ಮಂಗಳ ನಮಗೆ ಹತ್ತಿರವಾಗುವುದು ಸುಮಾರು 26 ತಿಂಗಳಿಗೊಮ್ಮೆ, ಪ್ರತಿ ಆಗಸ್ಟಿನಲ್ಲಿ ಅಲ್ಲ. ಸ್ಟೆಲೇರಿಯಂನಂಥ ಉಚಿತ ಸಾಫ್ಟ್‌ವೇರಿನಲ್ಲಿ ಆ ತಾರೀಖು ಹಾಕಿದರೆ ಅಂದಿನ ಆಕಾಶ ಕಣ್ಣಮುಂದೆ ಬರುತ್ತದೆ.