ಸೆರಾಮಿಕ್ ಪ್ರಯೋಗಾಲಯ: ಮೊದಲು ಜೇಡಿಮಣ್ಣೋ, ಅಲ್ಯುಮಿನಾ ಪುಡಿಯೋ?

ಕಾಲೇಜಿನ ಸೆರಾಮಿಕ್ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಮೊದಲ ಪಾಠ ಜೇಡಿಮಣ್ಣಿನದಾಗಬೇಕೇ, ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಪುಡಿಯದಾಗಬೇಕೇ? ಎರಡು ವಾದಗಳು ಇಲ್ಲಿವೆ.

ಪರ: ಮಣ್ಣಿನಿಂದಲೇ ಶುರುವಾಗಲಿ

ಕಡ್ಡಿ ಆಡಿಸಲೂ ಆಗದಷ್ಟು ಗಟ್ಟಿಯಾದ ಮಣ್ಣಿನ ರಾಡಿಗೆ ಒಂದಿಷ್ಟು ಸೋಡಿಯಂ ಸಿಲಿಕೇಟ್ ಬಿದ್ದರೆ ಸಾಕು, ಅದು ಮಜ್ಜಿಗೆಯಂತೆ ಹರಿಯುತ್ತದೆ. ನೀರು ಮಾತ್ರ ಮೊದಲಿದ್ದಷ್ಟೇ. ಮಣ್ಣಿನ ಕಣಗಳು ಒಂದನ್ನೊಂದು ತಳ್ಳತೊಡಗುವುದರಿಂದ ಹೀಗೆ. ಕಣಗಳ ಮೇಲಿನ ವಿದ್ಯುದಾವೇಶವನ್ನು ಇಷ್ಟು ಚೆನ್ನಾಗಿ ತೋರಿಸುವ ಪಾಠ ಬೇರೆಯಿಲ್ಲ.

ಪಿಂಗಾಣಿ ಎರಕಕ್ಕೆ ಒಣಪುಡಿ 10 ಕೆಜಿ: ಚೀನಾ ಮಣ್ಣು ಮತ್ತು ಬಾಲ್ ಕ್ಲೇ (ಜಿಗುಟು ಮಣ್ಣು) ಸೇರಿ 5, ಫೆಲ್ಡ್‌ಸ್ಪಾರ್ 2.5, ಕ್ವಾರ್ಟ್ಜ್ 2.5. ನೀರು ಸುಮಾರು 4 ಲೀಟರ್, ಸಿಲಿಕೇಟ್ 30ರಿಂದ 40 ಗ್ರಾಂ. ಹೀಗೆ ಸಿದ್ಧವಾದ ರಾಡಿ, ಅಂದರೆ ಸ್ಲಿಪ್, ಒಂದು ಲೀಟರ್‌ಗೆ 1.75ರಿಂದ 1.8 ಕೆಜಿ ತೂಗಬೇಕು. ಅದನ್ನು ಸುರಿಯುವ, ನೀರು ಹೀರುವ ಅಚ್ಚಿಗೆ 100 ಭಾಗ ಪ್ಲಾಸ್ಟರ್‌ಗೆ 70 ಭಾಗ ನೀರು. ಅಚ್ಚಿನ ಒಳಮೈಗೆ ಹತ್ತು ನಿಮಿಷಕ್ಕೆ 3 ಮಿಮೀ ಮಣ್ಣಿನ ಗೋಡೆ ಕಟ್ಟಿದರೆ 6 ಮಿಮೀಗೆ ಇಪ್ಪತ್ತಲ್ಲ, ನಲವತ್ತು ನಿಮಿಷ ಬೇಕು. ಕಟ್ಟಿದ ಪದರವೇ ನೀರಿನ ದಾರಿಗೆ ಅಡ್ಡ ನಿಲ್ಲುವುದರಿಂದ ಹೀಗೆ. ವಿದ್ಯಾರ್ಥಿ ಗಡಿಯಾರ ಹಿಡಿದು ಇದನ್ನು ತಾನೇ ಕಂಡುಕೊಳ್ಳಬಹುದು.

ಸಿಲಿಕೇಟ್ ಕಡಿಮೆಯಾದರೆ ಎರಕ ಮೆತ್ತಗಾಗಿ ಕುಸಿಯುತ್ತದೆ, ಹೆಚ್ಚಾದರೆ ನಿಧಾನವಾಗಿ ಕಟ್ಟಿ, ಅಚ್ಚಿಗೆ ಅಂಟಿ ಸೀಳುತ್ತದೆ. ಕಪ್‌ನ ಅರ್ಧ ಒಣಗಿದ ಹಿಡಿಯ ಬುಡದಲ್ಲಿ ಬಿರುಕು, ಗೂಡು ಆರುವಾಗ 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ಒಮ್ಮೆಗೇ ಕುಗ್ಗಿ ಮತ್ತೊಂದು ಬಿರುಕು: ತಪ್ಪು ಎಲ್ಲವೂ ಕಣ್ಣೆದುರೇ ಕಾಣುತ್ತದೆ. ಬೆಂಗಳೂರಿನಲ್ಲಿರುವ, ಕೇಂದ್ರ ಸರ್ಕಾರದ ವಿದ್ಯುತ್ ಸಲಕರಣೆ ಕಂಪನಿ ಬಿಎಚ್‌ಇಎಲ್‌ನ ಎಲೆಕ್ಟ್ರೋಪೋರ್ಸಿಲೇನ್ ವಿಭಾಗ ತಯಾರಿಸುತ್ತಾ ಬಂದ, ವಿದ್ಯುತ್ ತಂತಿ ಹಿಡಿದಿಡುವ ಇನ್ಸುಲೇಟರ್‌ಗಳೂ ಈ ಮಣ್ಣಿನ ಕುಟುಂಬದವೇ.

ವಿರೋಧ: ಮಣ್ಣು ತಪ್ಪು ಭರವಸೆ ಕೊಡುತ್ತದೆ

ಬೇಕಾದ ಆಕಾರಕ್ಕೆ ಬಾಗಿ ನಿಲ್ಲುವ ಹದ ಎಂಬುದು ಮಣ್ಣಿಗೆ ಹುಟ್ಟುಗುಣ. ಅಲ್ಯುಮಿನಾ ಪುಡಿಯನ್ನು ಒದ್ದೆ ಮಾಡಿ ಹಿಸುಕಿ ನೋಡಿ, ಮರಳಿನಂತೆ ಉದುರುತ್ತದೆ. ಅದಕ್ಕೆ ಹದವನ್ನು ನಾವೇ ಬೆರೆಸಬೇಕು. ಸ್ಪಾರ್ಕ್ ಪ್ಲಗ್‌ನ ಬಿಳಿ ಅಲ್ಯುಮಿನಾ ಭಾಗ ಮಾಡುವವರ ದಿನನಿತ್ಯದ ಕೆಲಸ ಇದೇ.

ಇನ್ನೂ ದೊಡ್ಡ ತೊಡಕು ಸುಡುವಾಗಿನದು. ಪಿಂಗಾಣಿಯಲ್ಲಿ ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ರಂಧ್ರ ತುಂಬುತ್ತದೆ. ಅದನ್ನಷ್ಟೇ ನೋಡಿದವರು ಸೆರಾಮಿಕ್ ಎಂದರೆ ಕರಗಿ ಅಂಟುವುದು ಎಂದುಕೊಳ್ಳುತ್ತಾರೆ. ಶುದ್ಧ ಅಲ್ಯುಮಿನಾ 1600 ಡಿಗ್ರಿಯಲ್ಲೂ ಕರಗುವುದಿಲ್ಲ. ಪರಮಾಣುಗಳು ಕಣದಿಂದ ಕಣಕ್ಕೆ ಸರಿದೇ ಅದು ಗಟ್ಟಿಯಾಗಬೇಕು. ಈ ಮಾತು ಮೊದಲ ವಾರವೇ ತಲೆಗೆ ಹೋಗಬೇಕು.

ಪ್ರಯೋಗ ಸರಳ. 3 ಗ್ರಾಂ ಪುಡಿ, 1.5 ಶೇಕಡಾ ಪಿವಿಎ (ಪುಡಿಯನ್ನು ಹಿಡಿದಿಡುವ ಅಂಟು), 20 ಮಿಮೀ ವ್ಯಾಸದ ಡೈ (ಪುಡಿ ಒತ್ತುವ ಅಚ್ಚು), 80 ಮೆಗಾಪಾಸ್ಕಲ್ ಒತ್ತಡ. ಅಂದರೆ ಸುಮಾರು ಎರಡೂವರೆ ಟನ್ ಭಾರ, ಸಿವಿಲ್ ವಿಭಾಗದ ಪರೀಕ್ಷಾ ಯಂತ್ರಕ್ಕೆ ಏನೂ ಅಲ್ಲ. ಒತ್ತಡ ಹೆಚ್ಚಿಸಿದಷ್ಟೂ ಒಳ್ಳೆಯದೆಂದು ಹೊರಟರೆ, ಡೈಯಿಂದ ತೆಗೆಯುವಾಗ ಬಿಲ್ಲೆಯ ತಲೆ ಟೋಪಿಯಂತೆ ಕಳಚುತ್ತದೆ: ಸಿಕ್ಕಿಬಿದ್ದ ಗಾಳಿ, ಹಿಗ್ಗುವ ಪುಡಿ. ಒಂದೇ ಬದಿಯಿಂದ ಒತ್ತಿದ ಎತ್ತರದ ತುಂಡು ಸುಟ್ಟ ಮೇಲೆ ಓರೆಯಾಗುತ್ತದೆ, ಏಕೆಂದರೆ ಒತ್ತುವ ದಂಡವಾದ ಪಂಚ್‌ನಿಂದ ದೂರದ ತುದಿ ಸಡಿಲವಾಗಿದ್ದು ಹೆಚ್ಚು ಕುಗ್ಗುತ್ತದೆ. ಪಿವಿಎ ಸುಟ್ಟುಹೋಗಲು 500 ಡಿಗ್ರಿವರೆಗೆ ನಿಮಿಷಕ್ಕೆ ಒಂದೇ ಡಿಗ್ರಿ. ಅವಸರಪಟ್ಟರೆ ಬಿಲ್ಲೆ ಉಬ್ಬಿ ಒಡೆಯುತ್ತದೆ.

ಆಮೇಲೆ ಲೆಕ್ಕ. ರಂಧ್ರವೇ ಇಲ್ಲದ ಅಲ್ಯುಮಿನಾಕ್ಕೆ ಹೋಲಿಸಿ ಒತ್ತಿದಾಗ ಶೇ 58 ಸಾಂದ್ರತೆ, ಸುಟ್ಟಾಗ 98 ಎಂದಾದರೆ ವ್ಯಾಸ 20ರಿಂದ 16.8 ಮಿಮೀಗೆ ಇಳಿಯಬೇಕು. ವರ್ನಿಯರ್ ಹಿಡಿದು ನೋಡಲಿ. 17.5 ಬಂದರೆ ಒಳಗೆ ರಂಧ್ರ ಉಳಿದಿದೆ ಎಂದೇ ಅರ್ಥ.

1600 ಡಿಗ್ರಿಯ ಕುಲುಮೆ ದುಬಾರಿ, ನಿಜ. ಬಿಲ್ಲೆಗಳನ್ನು ಕಾಲೇಜಿನ ಗೂಡಿನಲ್ಲೇ 1000 ಡಿಗ್ರಿಗೆ ಸುಟ್ಟರೆ ಪ್ರಯಾಣ ತಡೆಯುವಷ್ಟು ಗಟ್ಟಿಯಾಗುತ್ತವೆ. ಹತ್ತಿಯಲ್ಲಿ ಸುತ್ತಿ, ನಾಲ್ಕು ಕಾಲೇಜಿನವನ್ನು ಒಟ್ಟುಗೂಡಿಸಿ, ಒಂದೇ ಕುಲುಮೆಗೆ ಕಳಿಸಿದರಾಯಿತು.